ಹೇಳದೆ ನೋಡಿದ ಸಿನಿಮಾ

ಕುರುಡರ ಮನೆಗೆ ಹೋಮ್ ಥಿಯೇಟರ್ ಯಾಕೆ ಅಂತ ಮೂಗು ಮುರಿಯುವವರು ಈಗಲೇ ಮುರಿದುಕೊಂಡುಬಿಡಿ. ಕಣ್ಣಿರುವ ನೀವು ಗೋಡೆಯಷ್ಟು ದೊಡ್ಡ ಟಿವಿ ತಂದು, ಅದರ ಬೆನ್ನಿನಲ್ಲಿರುವ ಬೆರಳಗಲದ ಸ್ಪೀಕರಿನಿಂದ ಯುದ್ಧ, ಮಳೆ, ಮದುವೆ ಎಲ್ಲವನ್ನೂ ಕೇಳಿಸಿಕೊಂಡು ಸುಖವಾಗಿರುತ್ತೀರಿ. ನನ್ನ ಕೈಲಿ ಅದು ಆಗುವುದಿಲ್ಲ.

ನಾನು ಬೊಕ್‌ಹೀ, ಹುಟ್ಟುಕುರುಡಿ. ನನ್ನ ಗಂಡ ದೊಕ್‌ಸು ಒಂಬತ್ತನೇ ವಯಸ್ಸಿನವರೆಗೆ ಕಣ್ಣು ಕಾಣುತ್ತಿದ್ದವರು. ಕೆಂಪು ಅಂದರೆ ಏನು ಅಂತ ತನಗೆ ಗೊತ್ತು ಅನ್ನುವ ಜಂಬ ಅವರಿಗೆ ಇನ್ನೂ ಇಳಿದಿಲ್ಲ. ದೇಗು ಊರಿನಲ್ಲಿ ನಮ್ಮದೊಂದು ಮಸಾಜ್ ಅಂಗಡಿ, ಮೂರು ಮಂಚದ್ದು. ಈ ದೇಶದಲ್ಲಿ ಅದು ಕಾನೂನಿನಂತೆ ಕಣ್ಣಿಲ್ಲದ ನಮ್ಮಂಥವರದೇ ಕಸುಬು. ಇಪ್ಪತ್ತು ವರ್ಷದಿಂದ ಬೀದಿಯ ಅರ್ಧ ಬೆನ್ನುಗಳು ನಮ್ಮ ಹೆಬ್ಬೆರಳಿಗೆ ಪರಿಚಯ.

ನಮ್ಮ ಮಗಳು ದಾನ್ಬಿಗೆ ಹದಿಮೂರು ವರ್ಷ. ಅವಳಿಗೆ ಎರಡು ಕಣ್ಣೂ ಚೆನ್ನಾಗಿವೆ. ಐದು ವರ್ಷದವಳಿದ್ದಾಗಿನಿಂದ ಸಿನಿಮಾ ಥಿಯೇಟರಿನಲ್ಲಿ ನಮ್ಮಿಬ್ಬರ ನಡುವೆ ಕೂತು ಪಿಸುಗುಟ್ಟುತ್ತಾ ಬಂದಿದ್ದಾಳೆ. "ಈಗ ಬಾಗಿಲು ತೆಗೆದ. ಒಳಗೆ ಯಾರೂ ಇಲ್ಲ. ಒಂದು ಚಪ್ಪಲಿ ಬಿದ್ದಿದೆ." ಒಂದು ಸಲ ನನ್ನ ಕಿವಿಗೆ, ಇನ್ನೊಂದು ಸಲ ಅಪ್ಪನ ಕಿವಿಗೆ. ಹಿಂದಿನ ಸಾಲಿನವರು ಶ್ ಅನ್ನುತ್ತಾರೆ, ಅವಳು ದನಿ ಇಳಿಸುತ್ತಾಳೆ, ನಿಲ್ಲಿಸುವುದಿಲ್ಲ. ವಿವರಣೆಯ ದನಿ ಸೇರಿಸಿದ ಸಿನಿಮಾಗಳು ಬರುತ್ತವೆ, ನಿಜ. ಆದರೆ ಅವು ಬರುವ ಹೊತ್ತಿಗೆ ಊರೆಲ್ಲ ಆ ಸಿನಿಮಾ ಮರೆತಿರುತ್ತದೆ. ಅದಕ್ಕೇ ನಮಗೆ ದಾನ್ಬಿಯೇ ಆಗಬೇಕು. ನಮ್ಮ ಹೆಮ್ಮೆ ಕೇಳಬೇಡಿ. ಬರುವ ಗಿರಾಕಿಗಳ ಬೆನ್ನು ತಿಕ್ಕುತ್ತಾ, "ನಮ್ಮ ಮಗಳ ಹಾಗೆ ಸಿನಿಮಾ ಹೇಳೋರು ಇಡೀ ದೇಗುವಿನಲ್ಲಿ ಇಲ್ಲ" ಅಂತ ಕೊಚ್ಚಿಕೊಳ್ಳುತ್ತಿದ್ದೆ.

ಕಳೆದ ತಿಂಗಳು ಒಂದು ಭಾನುವಾರ ಸಿನಿಮಾ ಮುಗಿಸಿ ಹೊರಗೆ ಬಂದೆವು. ನಾನು ಶೌಚಾಲಯದ ಒಳಗಿದ್ದೆ. ದಾನ್ಬಿ ಹೊರಗೆ ಕೈ ತೊಳೆಯುತ್ತಿದ್ದಾಗ ಅವಳ ಶಾಲೆಯ ಹುಡುಗಿಯೊಬ್ಬಳು ಸಿಕ್ಕಳು. ಅವಳೂ ಅದೇ ಸಿನಿಮಾಕ್ಕೆ ಬಂದಿದ್ದಳು.

"ಹೆಂಗಿತ್ತೇ ಸಿನಿಮಾ?" ಆ ಹುಡುಗಿ ಕೇಳಿದಳು.

"ಗೊತ್ತಿಲ್ಲ ಕಣೆ" ಅಂದಳು ನನ್ನ ಮಗಳು. "ನಾನು ನೋಡ್ಲಿಲ್ಲ. ಹೇಳ್ತಿದ್ದೆ."

ದುಃಖದಿಂದ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ಹೊರಗೆ ಚಳಿ ಇದೆ ಅನ್ನುವ ಹಾಗೆ ಹೇಳಿದಳು. ನಾನು ಬಾಗಿಲ ಚಿಲಕ ಹಿಡಿದುಕೊಂಡು ಒಳಗೇ ನಿಂತುಬಿಟ್ಟೆ. ಎಂಟು ವರ್ಷ ನಾವು ಸಿನಿಮಾ ನೋಡಿದ್ದೇವೆ, ಅವಳು ಒಂದನ್ನೂ ನೋಡಿಲ್ಲ. ಇದು ನನಗೆ ಹೊಳೆಯಲು ಒಂದು ಶೌಚಾಲಯ ಬೇಕಾಯಿತು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಕೋಲು ಮಡಚಿ ಮೂಲೆಗಿಟ್ಟರು. ಆಮೇಲೆ, "ಹಂಗಾದ್ರೆ ನಾವು ಸಿನಿಮಾ ಬಿಟ್ಟುಬಿಡೋಣ್ವಾ?" ಅಂದರು.

"ಬಿಟ್ರೆ ಅವಳಿಗೆ ತಿಳಿಯತ್ತೆ. ಇನ್ನೂ ನೊಂದ್ಕೋತಾಳೆ. ಅವಳು ಹೇಳೋದೇ ಬೇಡ ಅನ್ನೋಹಾಗೆ ನಾವೇ ಕೇಳಿಸ್ಕೊಂಡ್ರೆ? ನಾಲ್ಕೂ ಕಡೆಯಿಂದ ಸದ್ದು ಬಂದ್ರೆ ಯಾರು ಎಲ್ಲಿ ನಿಂತಿದಾರೆ, ಯಾರು ಯಾರ ಹಿಂದೆ ಬಂದ್ರು, ನನಗೆ ಯಾರೂ ಹೇಳ್ಬೇಕಾಗಿಲ್ಲ."

"ಹೋಮ್ ಥಿಯೇಟರ್" ಅಂದರು ದೊಕ್‌ಸು. ಅವರ ದನಿ ಒಂದು ಮೆಟ್ಟಿಲು ಮೇಲೆ ಹತ್ತಿತ್ತು. ಮದುವೆಯಾದಾಗಿನಿಂದ ಅವರಿಗೆ ಅದರ ಮೇಲೆ ಆಸೆ. "ದೊಡ್ಡ ವೂಫರ್ ಇರೋದು ತಗೊಳ್ಳೋಣ ಕಣೆ. ನೆಲ ನಡುಗಬೇಕು."

"ನೆಲ ಆಮೇಲೆ ನಡುಗಲಿ. ಮೊದಲು ನಮ್ಮ ಹುಡುಗಿ ಬಾಯಿಗೆ ರಜಾ ಸಿಗಲಿ."

ಮಂಗಳವಾರ ಅಂಗಡಿಗೆ ರಜಾ ಹಾಕಿ, ದಾನ್ಬಿ ಶಾಲೆಗೆ ಹೋದ ಮೇಲೆ ಹೊರಟೆವು. ರೈಲು ನಿಲ್ದಾಣದ ಹತ್ತಿರದ ಗಲ್ಲಿಯಲ್ಲಿ ಸ್ಪೀಕರಿನ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಸುಳ್ಳು ಯಾಕೆ ಹೇಳಲಿ, ಮದುವೆಯ ಬಟ್ಟೆ ಕೊಳ್ಳುವಾಗಲೂ ಇಷ್ಟು ಖುಷಿಯಾಗಿರಲಿಲ್ಲ. ಬಟ್ಟೆ ಎಲ್ಲವೂ ಬಟ್ಟೆಯೇ. ಇಲ್ಲಿ ಒಂದು ಬಾಗಿಲಿನಿಂದ ಪಿಟೀಲು, ಇನ್ನೊಂದರಿಂದ ಫುಟ್ಬಾಲ್ ಕಾಮೆಂಟರಿ, ಮೂರನೆಯದರಿಂದ ಯಾವನೋ "ಹಲೋ ಹಲೋ ಟೆಸ್ಟ್" ಅನ್ನುವ ದನಿ, ಎಲ್ಲವೂ ಒಟ್ಟಿಗೆ ಮೈಮೇಲೆ ಬರುತ್ತಿದ್ದವು.

ಮೊದಲ ಅಂಗಡಿಯ ಹುಡುಗ ನಮ್ಮ ಬಿಳಿ ಕೋಲು ನೋಡಿದವನೇ, "ನಿಮಗೆ ಒಳ್ಳೇ ರೇಡಿಯೋ ಇದೆ" ಅಂದ. ಅವನ ಮುಖಕ್ಕೆ ಏನು ಹೇಳಬೇಕೋ ಹೇಳಿ ಹೊರಗೆ ಬಂದೆ. ದೊಕ್‌ಸು ನನ್ನ ತೋಳು ಹಿಡಿದು, "ಅಷ್ಟು ಜೋರಾಗಿ ಬೇಡವಿತ್ತು" ಅಂದರು. ಬೇಕಿತ್ತು.

ಎರಡನೇ ಅಂಗಡಿಯವನ ಹೆಸರು ಪ್ಯೋ. ಐವತ್ತರ ಆಸುಪಾಸಿನ ದನಿ, ನಡೆದರೆ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಅವನು ರೇಡಿಯೋ ಅನ್ನಲಿಲ್ಲ. ಅಷ್ಟಕ್ಕೇ ನನಗೆ ಇಷ್ಟವಾದ.

"ಯಜಮಾನ್ರೇ, ನಿಮ್ಮ ಟಿವಿ ಎಷ್ಟಿಂಚು?" ಅಂತ ಕೇಳಿದ.

ದೊಕ್‌ಸು ಎರಡೂ ಕೈ ಅಗಲಿಸಿ ತೋರಿಸಿದರು. "ಇಷ್ಟು."

"ಅಯ್ಯೋ, ಅಷ್ಟೇನಾ? ಮೊದಲು ಟಿವಿ ಬದಲಾಯಿಸಿ ಸಾರ್. ಸಣ್ಣ ಟಿವಿಗೆ ದೊಡ್ಡ ಸೆಟ್ ಹಾಕಿದ್ರೆ ಒಪ್ಪಲ್ಲ."

"ಟಿವಿ ನಮ್ಮ ಮಗಳಿಗೆ. ಅವಳಿಗೆ ಸಾಕು" ಅಂದೆ. "ಸದ್ದು ನಮಗೆ. ಅದು ನಮಗೆ ಸಾಲ್ತಿಲ್ಲ."

ಪ್ಯೋ ನಕ್ಕ. ಒಳಗಿನ ಕೋಣೆಗೆ ಕರೆದುಕೊಂಡು ಹೋದ. ಕಾಲಿಟ್ಟ ತಕ್ಷಣ ಗೊತ್ತಾಯಿತು, ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದಿದ್ದಾರೆ. ನಾನು ಒಂದು ಚಪ್ಪಾಳೆ ಹೊಡೆದೆ. ದೊಕ್‌ಸು ಇನ್ನೊಂದು ಹೊಡೆದರು.

"ಹತ್ತು ಹೆಜ್ಜೆ ಉದ್ದ" ಅಂದೆ.

"ಒಂಬತ್ತು. ಹಿಂದುಗಡೆ ಅಟ್ಟ ಇದೆ" ಅಂದರು ಅವರು.

"ಅಟ್ಟದಲ್ಲಿ ಖಾಲಿ ಡಬ್ಬ ಇಟ್ಟಿದೀನಿ" ಅಂದ ಪ್ಯೋ, ಮೆಲ್ಲಗೆ. ಅಲ್ಲಿಂದ ಮುಂದೆ ಅವನು ನಮ್ಮ ಜೊತೆ ಬೇರೆ ರೀತಿ ಮಾತಾಡಿದ.

ಮೊದಲಿಗೆ ಟಿವಿಯ ಕೆಳಗಿಡುವ ಉದ್ದನೆಯ ಒಂದೇ ಸ್ಪೀಕರ್ ಕೇಳಿಸಿದ. ಸೌಂಡ್ ಬಾರ್ ಅಂತೆ. ಅದರಲ್ಲಿ ಮಾತು ಸ್ಪಷ್ಟವಾಗಿತ್ತು, ಆದರೆ ಎಲ್ಲರೂ ಎದುರಿನ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತಿದ್ದರು. ಜಗಳವಾಡುವವರೂ ಸಾಲಿನಲ್ಲಿ, ಓಡುವವರೂ ಸಾಲಿನಲ್ಲಿ. ಬೇಡ ಅಂದೆ.

ಆಮೇಲೆ ಐದು ಪೆಟ್ಟಿಗೆಗಳ ಸೆಟ್: ಎದುರಿಗೆ ಮೂರು, ಹಿಂದೆ ಎರಡು, ಜೊತೆಗೆ ದೊಡ್ಡ ವೂಫರ್. ಅದೇ ತನ್ನ ಅಂಗಡಿಯ ಹೆಮ್ಮೆ ಅಂತ ಹೇಳಿ ಒಂದು ಸಿನಿಮಾದ ತುಣುಕು ಹಾಕಿದ. ಮಳೆ ಬಂತು. ನಿಜ ಹೇಳುತ್ತೇನೆ, ನಾನು ನೆತ್ತಿಯ ಮೇಲೆ ಕೈಯಿಟ್ಟುಕೊಂಡೆ. ದೊಕ್‌ಸು ವೂಫರ್ ಹುಡುಕಿಕೊಂಡು ಹೋಗಿ ಮಂಡಿಯೂರಿ ಕೂತು, ಗಿರಾಕಿಯ ಬೆನ್ನು ನೋಡುವ ಹಾಗೆ ಅದರ ಮೇಲೆ ಅಂಗೈ ಇಟ್ಟರು.

"ದಾನ್ಬಿ ಅಮ್ಮ, ಇದು ಉಸಿರಾಡ್ತಿದೆ ಕಣೆ. ಬಂದು ಮುಟ್ಟು."

ಮುಟ್ಟಲಿಲ್ಲ. ನನ್ನ ಗಮನ ನಾಯಿಯ ಮೇಲಿತ್ತು. ಸಿನಿಮಾದಲ್ಲಿ ಒಂದು ನಾಯಿ ಎದುರಿನಿಂದ ಓಡಿ ಬಂದು, ನನ್ನ ಬಲಕ್ಕೆ ದಾಟಿ, ಹಿಂದೆ ಹೋಗಿ ಬೊಗಳಿತು. ಬೊಗಳಿದ್ದು ಎಡಗಡೆ.

"ಇದು ಯಾವ ಜಾತಿ ನಾಯಿ?" ಕೇಳಿದೆ. "ಬಲಗಡೆ ಹೋಗಿ ಎಡಗಡೆ ಬೊಗಳತ್ತಲ್ಲ?"

"ಇಲ್ಲಮ್ಮಾವ್ರೇ, ಸಿನಿಮಾದಲ್ಲೇ ಹಂಗೆ ಮಾಡಿರ್ತಾರೆ. ಎಫೆಕ್ಟು."

"ಇನ್ನೊಂದು ಸಲ ಹಾಕಿ."

ಹಾಕಿದ. ನಾಯಿ ಮತ್ತೆ ಗೋಡೆ ತೂರಿಕೊಂಡು ಎಡಗಡೆ ಬೊಗಳಿತು. ದೊಕ್‌ಸು ಎದ್ದು ಹೋಗಿ, ಹಿಂದಿನ ಸ್ಪೀಕರಿನ ತಂತಿ ಹಿಡಿದು, ಗೋಡೆಗುಂಟ ಬೆರಳು ಜಾರಿಸುತ್ತಾ ಆಂಪ್ಲಿಫೈಯರಿನವರೆಗೆ ಬಂದರು. "ಹಿಂದಿನ ಎರಡೂ ತಂತಿ ಅದಲುಬದಲಾಗಿವೆ" ಅಂದರು, ಕುತ್ತಿಗೆ ನರ ಹಿಡಿದಿದೆ ಅಂತ ಗಿರಾಕಿಗೆ ಹೇಳುವ ದನಿಯಲ್ಲೇ.

ಪ್ಯೋ ಬಂದು ನೋಡಿದ. "ಮೂರು ತಿಂಗಳಿಂದ ಹೀಗೇ ಎಲ್ಲರಿಗೂ ಕೇಳಿಸ್ತಿದೀನಲ್ಲ" ಅಂದ. "ನಲವತ್ತು ಜನ ಆದ್ರೂ ಕೂತು ಕೇಳಿ, ಅದ್ಭುತ ಅಂತ ಹೇಳಿ ತಗೊಂಡು ಹೋದ್ರು."

"ಅವರು ನಾಯೀನ ನೋಡ್ತಿದ್ರು ಬಿಡಿ" ಅಂದೆ. ಅವನು ಮರ್ಯಾದೆಗೆ ಮೂರು ಕಾಗದದ ಲೋಟದಲ್ಲಿ ಕಾಫಿ ಮಾಡಿ ತಂದ. ತುಂಬಾ ಸಿಹಿ. ಆದರೂ ಕುಡಿದೆವು.

ಲೋಟ ಕೆಳಗಿಟ್ಟು ನಾನು ಹೇಳಿದೆ: "ಪ್ಯೋ ಅವರೇ, ಮಳೆ, ಬಾಂಬು, ನಾಯಿ ಸಾಕು. ಯಾರೂ ಮಾತಾಡದ ಒಂದು ದೃಶ್ಯ ಹಾಕಿ. ನಾನು ಕೇಳಿಸ್ಕೊಂಡು ಏನಾಗ್ತಿದೆ ಅಂತ ಹೇಳ್ತೀನಿ. ನೀವು ನೋಡ್ಕೊಂಡು ಸರಿಯೋ ತಪ್ಪೋ ಹೇಳಿ. ಯಾವ ಸೆಟ್ಟಿನಲ್ಲಿ ನನಗೆ ಹೆಚ್ಚು ಸಿಗತ್ತೋ ಅದು ನಮ್ಮದು."

ಅವನಿಗೂ ಹುರುಪು ಬಂತು. ಹೊರಗಿನ ಬಾಗಿಲು ಹಾಕಿ ಬಂದ. ಯಾವುದೋ ಹಳೆಯ ಮನೆಯ ದೃಶ್ಯ ಹಾಕಿದ. ಅವನ ಹೆಮ್ಮೆಯ ಸೆಟ್ಟಿನಲ್ಲಿ ನನಗೆ ಸಿಕ್ಕಿದ್ದು ಬಾಗಿಲು, ಹೆಜ್ಜೆ, ನೀರು. ಅಷ್ಟೇ. ವೂಫರಿನ ಗುಡುಗುಡು ಉಳಿದದ್ದನ್ನೆಲ್ಲ ನುಂಗಿತ್ತು. ಎರಡನೆಯದರಲ್ಲಿ ಇನ್ನೂ ಕಡಿಮೆ. ಮೂರನೆಯದು ಸಣ್ಣ ಪೆಟ್ಟಿಗೆಗಳದ್ದು, ಮುಟ್ಟಿದರೆ ಮರ ಒರಟಾಗಿತ್ತು. ಯಾರೂ ಕೇಳದೆ ಮೂಲೆಯಲ್ಲಿ ಬಿದ್ದಿತ್ತಂತೆ. ಅದನ್ನು ಜೋಡಿಸಿ ಮತ್ತೆ ಅದೇ ದೃಶ್ಯ ಹಾಕಿದ.

"ಎಡಗಡೆ ಜಾರುಬಾಗಿಲು ಸರಿಯಿತು" ಅಂದೆ. "ಹೆಂಗಸು ಬಂದಳು. ಹೆಜ್ಜೆ ಹಗುರ. ಕೈಯಲ್ಲಿ ತಟ್ಟೆ ಇದೆ, ಅದರ ಮೇಲೆ ಎರಡು ಬಟ್ಟಲು."

"ಸರಿ" ಅಂದ ಪ್ಯೋ.

"ಕೂತಳು. ನೀರು ಬಗ್ಗಿಸಿದಳು. ಒಂದೇ ಬಟ್ಟಲಿಗೆ."

"ಸರಿ."

"ಕೈ ನಿಂತಿತು. ಯಾಕೆ ನಿಲ್ಲಿಸಿದಳು?" ನನ್ನ ಹಿಂದೆ, ಬಲಗಡೆ, ಬಟ್ಟೆ ಬಟ್ಟೆಗೆ ತಗುಲಿದಷ್ಟು ಸಣ್ಣ ಸದ್ದಾಯಿತು. "ಹಿಂದೆ ಯಾರೋ ಇದಾರೆ. ಪರದೆ ಹಿಂದೆ. ಗಂಡಸು. ಉಸಿರು ಬಿಗಿ ಹಿಡಿದಿದಾನೆ."

ಪ್ಯೋ ಸರಿ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ, "ಅಮ್ಮಾವ್ರೇ, ನೀವು ಹೇಳಿದಾಗ ಅವನು ಇನ್ನೂ ಕಂಡಿರ್ಲಿಲ್ಲ. ಈಗ ಕಂಡ" ಅಂದ.

ದೊಕ್‌ಸು ನನ್ನ ಕೈ ಹುಡುಕಿ ಹಿಡಿದುಕೊಂಡರು. ನಾನು ಅಲ್ಲೇ ಕುಣಿಯುವುದೊಂದು ಬಾಕಿ. ಇದೇ, ಇದೇ ಅಂತ ಎರಡು ಸಲ ಹೇಳಿದೆ. ಈ ಪೆಟ್ಟಿಗೆಗಳು ಮನೆಗೆ ಬಂದರೆ ನನ್ನ ಮಗಳು ಬಾಯಿಮುಚ್ಚಿ ಕೂತು ನೋಡಬಹುದು, ಬೇರೆ ಮಕ್ಕಳ ಹಾಗೆ.

ವೂಫರಿಗಾಗಿ ಮಾತ್ರ ಸ್ವಲ್ಪ ಕಾದಾಟ ನಡೆಯಿತು. ದೊಕ್‌ಸುಗೆ ದೊಡ್ಡದೇ ಬೇಕು. ನಮ್ಮ ಕೆಳಗಿನ ಮನೆಯ ಅಜ್ಜಿ ನಾನು ಬೆಳ್ಳುಳ್ಳಿ ಜಜ್ಜಿದರೂ ಮೇಲೆ ಹತ್ತಿ ಬರುತ್ತಾಳೆ, ಅದನ್ನು ನೆನಪಿಸಿದೆ. "ಆ ಅಜ್ಜಿ ಸೊಂಟಕ್ಕೆ ನಾನು ಪುಕ್ಕಟೆ ಮಸಾಜ್ ಮಾಡ್ತೀನಿ" ಅಂದರು. "ವಾರಕ್ಕೆ ಏಳು ದಿನ ಮಾಡ್ಬೇಕಾಗತ್ತೆ" ಅಂದೆ. ಕೊನೆಗೆ ಸಣ್ಣದು ತೆಗೆದುಕೊಂಡು, ಅದರ ಕೆಳಗೆ ಹಾಸಲು ದಪ್ಪ ರಬ್ಬರಿನ ಚಾಪೆ ತೆಗೆದುಕೊಂಡೆವು. ಹೊರಡುವಾಗ ಅವರು ದೊಡ್ಡ ವೂಫರಿನ ತಲೆ ಸವರಿ ಬಂದರು.

ಮರುದಿನ ಬೆಳಿಗ್ಗೆ ಪೆಟ್ಟಿಗೆಗಳು ಬಂದವು. ಜೋಡಿಸಲು ಜನ ಕಳಿಸುತ್ತೇನೆ ಅಂತ ಪ್ಯೋ ಹೇಳಿದ್ದ. ನಮ್ಮ ಮನೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂತ ನಾನೇ ಬೇಡ ಅಂದಿದ್ದೆ. ಆ ಮಾತನ್ನು ಯಾಕಾದರೂ ಆಡಿದೆನೋ.

ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ನಾವಿಬ್ಬರೂ ಕೋಣೆ ತುಂಬಾ ಚಪ್ಪಾಳೆ ಹೊಡೆದೆವು. ದಾರ ಹಿಡಿದು ಅಳೆದೆವು, ಮೊಳ ಹಾಕಿದೆವು, ಜಗಳವಾಡಿದೆವು. ಅಡುಗೆಮನೆ ಕಡೆಯ ಗೋಡೆಯ ಹಿಂದೆ ಫ್ರಿಜ್ ಗುಂಯ್ ಅನ್ನುತ್ತದೆ, ಅಲ್ಲಿ ಮುಂದಿನ ಸ್ಪೀಕರ್ ಇಟ್ಟರೆ ಸಣ್ಣ ಸದ್ದೆಲ್ಲ ಸಾಯುತ್ತದೆ. ಕಿಟಕಿ ಕಡೆ ಇಟ್ಟಾಗ ಕೋಣೆಯೇ ಬಾಯಿ ತೆರೆದ ಹಾಗಾಯಿತು. ಮೂರು ಪೆಟ್ಟಿಗೆ ಕಿಟಕಿ ಕಡೆ, ಎರಡು ಅಡುಗೆಮನೆ ಕಡೆ. ಸೋಫಾ ಎಳೆದು ಕಿಟಕಿಗೆ ಮುಖ ಮಾಡಿ ಹಾಕಿದೆವು. ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಕೇಳಿದೆವು. ಎಲ್ಲ ತಂತಿ ಅದರದರ ಜಾಗದಲ್ಲಿ, ಎಡ ಎಡಕ್ಕೆ, ಬಲ ಬಲಕ್ಕೆ. ದೊಕ್‌ಸು ನನ್ನ ಭುಜಕ್ಕೆ ಗುದ್ದಿದರು. "ಪ್ಯೋ ಬಂದು ನೋಡ್ಬೇಕಿತ್ತು" ಅಂದರು.

ನಾಲ್ಕು ಗಂಟೆಗೆ ದಾನ್ಬಿ ಬಂದಳು. ಹೋಮ್ ಥಿಯೇಟರ್ ಬರುತ್ತದೆ ಅಂತ ಹಿಂದಿನ ರಾತ್ರಿ ಹೇಳಿದ್ದೆವು, ಇದೆಲ್ಲ ಅಪ್ಪನ ಹುಚ್ಚು ಅಂತ ಅವಳು ತಿಳಿದಿದ್ದಳು. ನಾನೂ ಹಾಗೇ ತಿಳಿಯಲಿ ಅಂತ ಬಿಟ್ಟಿದ್ದೆ. ಶೂ ಬಿಚ್ಚಿದಳು, ಒಳಗೆ ಎರಡು ಹೆಜ್ಜೆ ಇಟ್ಟಳು, ನಿಂತಳು.

"ಹೆಂಗಿದೆ?" ಅಂದರು ಅವರಪ್ಪ.

ಬ್ಯಾಗು ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು, ಉಸಿರು ಕಟ್ಟುವ ಹಾಗೆ.

"ಅಮ್ಮ, ಸಿನಿಮಾ ಎಲ್ಲಿ ನೋಡ್ಲಿ? ಕಿಟಕೀಲಾ?"

"ಅಂದ್ರೆ?"

"ಟಿವಿ ಹಿಂದಗಡೆ ಇದೆ. ನಿಮ್ಮ ಬೆನ್ನ ಹಿಂದೆ. ಸೋಫಾ ಆ ಕಡೆ, ಟಿವಿ ಈ ಕಡೆ."

ಆರು ಗಂಟೆ ಹೊತ್ತು ಇಬ್ಬರೂ ಕೂಡಿ ಕೆಲಸ ಮಾಡಿದ್ದೆವು. ಟಿವಿಗೆ ಉದ್ದ ತಂತಿ ಎಳೆದು ಸಿಗಿಸಿದ್ದೂ ನಾನೇ. ಚಿತ್ರಕ್ಕೂ ಒಂದು ದಿಕ್ಕಿದೆ, ಸದ್ದು ಬರುವ ಕಡೆಯೇ ಅದೂ ಇರಬೇಕು ಅಂತ ಒಂದು ಸಲವಾದರೂ ಹೊಳೆಯಲಿಲ್ಲ. ಕೆಂಪು ನೋಡಿದ ಗಂಡನಿಗೂ ಹೊಳೆಯಲಿಲ್ಲ. ಅವರೂ ನಗತೊಡಗಿದರು, ಅಪ್ಪ ಮಗಳು ಒಬ್ಬರಿಗೊಬ್ಬರು ಆತು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಇಡೀ ಸಡಗರ ಇವಳ ಕಣ್ಣಿಗಾಗಿ, ಆ ಕಣ್ಣನ್ನೇ ಮರೆತು ಕೂತಿದ್ದೆನಲ್ಲ ಅಂತ ನಾಚಿಕೆಯಾಯಿತು. ಮೂಗು ಕಟ್ಟಿತು.

"ಅಮ್ಮ, ಅಳ್ತಿದೀಯಾ? ತಮಾಷೆಗೆ ನಕ್ಕಿದ್ದು."

ಆಗ ಹೇಳಿಬಿಟ್ಟೆ. "ಅವತ್ತು ಕೈ ತೊಳೀತಾ ನೀನು ಆ ಹುಡುಗಿಗೆ ಹೇಳಿದ್ದು ನನಗೆ ಕೇಳಿಸ್ತು. ನೋಡ್ಲಿಲ್ಲ, ಹೇಳ್ತಿದ್ದೆ ಅಂದಿದ್ದು. ಇದು ಅಪ್ಪನ ಹುಚ್ಚಲ್ಲ. ನೀನು ಹೇಳದೆ ನೋಡ್ಬೇಕು ಅಂತ ತಂದಿದ್ದು."

ಅವಳ ನಗು ನಿಂತಿತು. "ನಾನೇನೂ ಬೇಜಾರಲ್ಲಿ ಹೇಳಿರ್ಲಿಲ್ಲಮ್ಮ" ಅಂದಳು.

"ಗೊತ್ತು. ಅದಕ್ಕೇ ಚುಚ್ಚಿತು."

ದಾನ್ಬಿ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡ ಸದ್ದು ಬಂತು. "ಅಪ್ಪ, ಆ ಕಡೆ ಹಿಡ್ಕೊ. ಟಿವೀನೇ ಕಿಟಕಿ ಹತ್ರ ತರೋಣ. ನಿಮ್ಮ ಪೆಟ್ಟಿಗೆ ಒಂದೂ ಅಲ್ಲಾಡಿಸೋದು ಬೇಡ." ತಂದರು. ಈಗ ಬೆಳಕು ಕಣ್ಣಿಗೆ ಹೊಡೆಯುತ್ತದೆ ಅಂದಳು. ಮನೆಯಲ್ಲಿ ಪರದೆಗಳಿದ್ದವು, ಹಿಂದಿನ ಬಾಡಿಗೆಯವರು ಬಿಟ್ಟುಹೋದವು. ಹನ್ನೊಂದು ವರ್ಷದಲ್ಲಿ ನಾವು ಅವುಗಳನ್ನು ಒಮ್ಮೆಯೂ ಎಳೆದಿರಲಿಲ್ಲ. ಅವಳು ಎಳೆದಾಗ ಬಿದ್ದ ಧೂಳಿಗೆ ಮೂವರೂ ಸೀನಿದೆವು.

ಸುಟ್ಟ ಗೆಣಸು ತಟ್ಟೆಗೆ ಹಾಕಿ ಕೂತೆವು. ದಾನ್ಬಿ ಅಭ್ಯಾಸದಂತೆ ನಮ್ಮಿಬ್ಬರ ನಡುವೆ ಬಂದು ಕೂತಳು. ಹಾಕಿದ್ದು ಅವಳೇ ಆರಿಸಿದ ಸಿನಿಮಾ, ಯಾವನೋ ಕುದುರೆ ಕಳ್ಳನ ಕಥೆ.

"ಇವತ್ತು ನೀನು ಬಾಯಿ ಬಿಡಬಾರದು" ಅಂದೆ.

"ನಿಮಗೆ ಗೊತ್ತಾಗದಿದ್ರೆ?"

"ಗೊತ್ತಾಗದಿದ್ರೆ ಬೇಡ. ಗೆಣಸು ತಿನ್ನು."

ಸಿನಿಮಾ ಶುರುವಾಯಿತು. ಎಡಗಡೆಯಿಂದ ನಾಲ್ಕು ಕುದುರೆ ಬಂದು ನನ್ನ ಕಿವಿ ಪಕ್ಕದಲ್ಲೇ ಹಾದು ಅಡುಗೆಮನೆಗೆ ನುಗ್ಗಿದವು. ದೊಕ್‌ಸು "ಆಹಾ" ಅಂದರು. "ಈಗ ಅವನು" ಅಂತ ದಾನ್ಬಿ ಶುರುಮಾಡಿದಳು, ತೊಡೆಗೆ ಚಿವುಟಿದೆ. ಹತ್ತು ನಿಮಿಷದ ಮೇಲೆ ಮತ್ತೆ "ಅವಳು" ಅಂದಳು, ಮತ್ತೆ ಚಿವುಟಿದೆ. ಆಮೇಲೆ ಅವಳು ಏನೂ ಅನ್ನಲಿಲ್ಲ. ಸಂತೆ ಬಂತು, ಸುತ್ತಲೂ ಜನ. ಕಳ್ಳ ಹುಲ್ಲಿನ ರಾಶಿಯ ಹಿಂದೆ ಅಡಗಿದ್ದು, ಕಾವಲಿನವನು ಅವನ ಪಕ್ಕದಲ್ಲೇ ಉಚ್ಚೆ ಹೊಯ್ದದ್ದು, ಎಲ್ಲ ನನಗೆ ಗೊತ್ತಾಯಿತು. ಯಾರೂ ಹೇಳಲಿಲ್ಲ. ಖುಷಿಗೆ ಕಾಲ್ಬೆರಳು ಮಡಚಿಕೊಂಡಿದ್ದವು.

ಆಮೇಲೆ ಎಲ್ಲ ಸದ್ದೂ ನಿಂತಿತು. ಹಾಡಿಲ್ಲ, ಹೆಜ್ಜೆಯಿಲ್ಲ, ಉಸಿರೂ ಇಲ್ಲ. ಐದು ಪೆಟ್ಟಿಗೆಗಳೂ ಸುಮ್ಮನೆ ಕೂತವು. ಏನೋ ನಡೆಯುತ್ತಿತ್ತು, ನನಗೆ ಚೂರೂ ಗೊತ್ತಾಗಲಿಲ್ಲ. ಎಂಟು ವರ್ಷದ ಅಭ್ಯಾಸ, ನನ್ನ ಕೈ ತಾನಾಗಿ ಅವಳ ತೋಳಿನ ಕಡೆ ಹೋಯಿತು. ಒಂದು ಸಲ ಎಳೆದರೆ ಸಾಕು, ಹೇಳುತ್ತಾಳೆ. ಕೈ ಹಿಂದಕ್ಕೆ ತೆಗೆದುಕೊಂಡು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತೆ.

ಆಗ ದಾನ್ಬಿ ನಕ್ಕಳು.

ಆ ನಿಶ್ಶಬ್ದದಲ್ಲಿ, ಮೊದಲು ಮೂಗಿನಲ್ಲಿ, ಆಮೇಲೆ ಬಾಯಿತುಂಬ, ಗೆಣಸು ಗಂಟಲಿಗೆ ಸಿಕ್ಕಿ ಕೆಮ್ಮಿ, ಮತ್ತೆ ನಕ್ಕಳು. ನಮ್ಮನ್ನು ಮರೆತು ನಕ್ಕಳು. ನನ್ನ ಮಗಳು ಸಿನಿಮಾ ನೋಡಿ ನಗುವುದು ಹೇಗಿರುತ್ತದೆ ಅಂತ ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಜನ ನಗುವ ಹೊತ್ತಿಗೆಲ್ಲ ಅವಳು ನಮ್ಮ ಕಿವಿಯಲ್ಲಿ ಮಾತಾಡುತ್ತಿರುತ್ತಿದ್ದಳು.

ದೊಕ್‌ಸು "ಏನಾ..." ಅನ್ನಲು ಬಾಯಿ ತೆರೆದರು. ನಾನು ಅವಳ ಬೆನ್ನ ಹಿಂದಿನಿಂದ ಕೈ ಚಾಚಿ ಅವರ ಬಾಯಿ ಮುಚ್ಚಿದೆ. ಅಂಗೈಯ ಕೆಳಗೆ ಅವರ ತುಟಿ ಸ್ವಲ್ಪ ಹೊತ್ತು ಅಲ್ಲಾಡಿ ಸುಮ್ಮನಾಯಿತು.

ಅವಳು ಏನು ಕಂಡು ನಕ್ಕಳೋ ಇವತ್ತಿಗೂ ನಮಗೆ ಗೊತ್ತಿಲ್ಲ. ನಾವು ಕೇಳಿಲ್ಲ.